ಬೂದಿಯ ಮೇಲಿನ ಓಣಿ

ನಮ್ಮ ಓಣಿಗೆ ನೀರು ಮೇಲಿನಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ. ಕಾಲುವೆಗೆ ನೀರು ಬಿಟ್ಟರೆ ಮೊದಲು ಭತ್ತದ ಗದ್ದೆ ತುಂಬುತ್ತದೆ, ಆಮೇಲೆ ಗದ್ದೆಯ ಕೆಳಗಿನ ನೆಲ ತುಂಬುತ್ತದೆ, ಕಡೆಗೆ ನಮ್ಮ ಅಂಗಳದಲ್ಲಿ ತೇವ ಏಳುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ, ಓಣಿಯಲ್ಲಿ ಮಾತ್ರ ಹಿಮ್ಮಡಿ ಮುಳುಗುತ್ತದೆ. ಪಾಯಖಾನೆಯ ಗುಂಡಿಗಳು ತುಂಬಿ ಹೊರಗೆ ಬರುತ್ತವೆ. ಒಲೆಯ ಬುಡ ಹಸಿಯಾಗಿ ಮನೆ ತುಂಬ ಹೊಗೆ. ಮಕ್ಕಳ ಕಾಲುಬೆರಳ ಸಂದಿಯಲ್ಲಿ ಹುಣ್ಣು. ಕಾಲುವೆ ಬಂದ್ ಆದ ಮೇಲೂ ಆ ನೀರು ತಿಂಗಳುಗಟ್ಟಲೆ ಇಳಿಯುವುದಿಲ್ಲ.

ಗ್ರಾಮ ಪಂಚಾಯಿತಿಯಲ್ಲಿ ನಮ್ಮ ಓಣಿಗೆ ಹೆಣ್ಣುಮಕ್ಕಳ ಸೀಟು ಬಂದಾಗ ಮಂದಿ ನನ್ನನ್ನು ನಿಲ್ಲಿಸಿದ್ದು ಈ ನೀರಿನ ಸಲುವಾಗಿಯೇ. ನನಗೆ ಓದು ಬಹಳ ಇಲ್ಲ. ಬೋರ್ಡು ಓದುತ್ತೇನೆ, ಸಹಿ ಮಾಡುತ್ತೇನೆ, ನಿಧಾನಕ್ಕೆ ಹೀಗೆ ಬರೆಯುತ್ತೇನೆ. ಆದರೆ ನಾಟಿ ಗುಂಪು ಕಟ್ಟಿಕೊಂಡು ಗುಂಜಹಳ್ಳಿಯಿಂದ ದೇವದುರ್ಗದ ತನಕ ಗದ್ದೆಗೆ ಇಳಿದವಳು, ಹೊಲದ ಸಾಹುಕಾರರ ಎದುರು ಗಂಟಲು ಏರಿಸಿದವಳು. ಅಷ್ಟು ಸಾಕು ಅಂದರು. ಗೆದ್ದೆ. ನೀರಿಗೆ ಗಂಟಲು ಕೇಳಿಸುವುದಿಲ್ಲ ಅಂತ ಗೆದ್ದ ಮೇಲೆ ಗೊತ್ತಾಯಿತು.

ಊರು ಮಾನ್ವಿ ರಸ್ತೆಯ ಮೇಲೆ ಇದೆ. ಹೆಸರು ಹಾಕುವುದಿಲ್ಲ, ಹಾಕಿದರೆ ನಾಳೆ ನಾಲ್ಕು ಮಂದಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಓಣಿಯ ತುದಿಯಲ್ಲಿ ಜೇಕಿನ ಹೊಂಡ. ಜೇಕು ಅಂದರೆ ಆಳೆತ್ತರ ಬೆಳೆಯುವ ನೀರುಹುಲ್ಲು, ಚಾಪೆ ಹೆಣೆಯುವವರು ಕೊಯ್ಯುತ್ತಾರೆ. ಸುತ್ತಲಿನ ಗದ್ದೆಗಳ ಬಸಿನೀರು, ಊರಿನ ಬಚ್ಚಲ ನೀರು ಎಲ್ಲ ಸೇರುವುದು ಅಲ್ಲಿಗೇ. ಹೊಂಡಕ್ಕೆ ಮೂಡಣ ದಿಕ್ಕಿನಲ್ಲಿ ಒಂದು ಬಾಯಿ ಇತ್ತು. ಹೆಚ್ಚಾದ ನೀರು ಆ ಬಾಯಿಂದ ಹಳ್ಳಕ್ಕೆ ಬಿದ್ದು, ಹಳ್ಳದಿಂದ ತುಂಗಭದ್ರೆಗೆ ಹೋಗುತ್ತಿತ್ತು. ನಾನು ಸದಸ್ಯೆ ಆಗುವ ಹೊತ್ತಿಗೆ ಬಾಯಿ ಎಲ್ಲಿದೆ ಅಂತ ಕೇಳಿದರೆ ಹರೆಯದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಬಾಯಿ ಮುಚ್ಚಿದ್ದು ಬೂದಿ. ನಮ್ಮ ಕಡೆ ಅಕ್ಕಿ ಗಿರಣಿಗಳು ಬಹಳ. ಭತ್ತದ ಹೊಟ್ಟು ಸುಟ್ಟು ಉಳಿದ ಕರಿ ಬೂದಿಯನ್ನು ಎಲ್ಲಿ ಚೆಲ್ಲಬೇಕು ಅನ್ನುವುದೇ ಗಿರಣಿಯವರಿಗೆ ಒಂದು ಚಿಂತೆ. ಕೇಳಿದವರ ಅಂಗಳಕ್ಕೆ ಟ್ರ್ಯಾಕ್ಟರಿನಲ್ಲಿ ತಂದು ಪುಕ್ಕಟೆ ಸುರಿದು ಹೋಗುತ್ತಾರೆ. ಅದರಿಂದ ಓಣಿಯಲ್ಲಿ ಒಂದು ಪದ್ಧತಿ ಬೆಳೆಯಿತು. ಕಾಲುವೆಗೆ ನೀರು ಬಿಡುವ ಮುಂಚೆ ಪ್ರತಿ ಮನೆಯವರೂ ಬೂದಿ ಹಾಕಿಸಿ, ತುಳಿದು, ಮೇಲೆ ಕೆಂಪು ಮಣ್ಣು ಎಳೆದು, ಸೆಗಣಿ ಸಾರಿಸಿ ಅಂಗಳವನ್ನು ಒಂದು ಗೇಣು ಏರಿಸುವುದು. ಇವರು ಏರಿಸಿದರೆ ನೀರು ಪಕ್ಕದವರ ಅಂಗಳಕ್ಕೆ ಇಳಿಯುತ್ತದೆ. ಮುಂದಿನ ಸಲ ಪಕ್ಕದವರು ಇನ್ನೂ ಹೆಚ್ಚು ಏರಿಸುತ್ತಾರೆ. ಹೀಗೆ ಹಟಕ್ಕೆ ಬಿದ್ದು ಅಂಗಳಗಳು ಮೇಲೆ ಹೋದವು, ಮನೆಗಳು ಕೆಳಗೆ ಉಳಿದವು. ಬಾಗಿಲು ದಾಟಿ ಒಳಗೆ ಹೋಗಬೇಕಾದರೆ ಬಾವಿಗೆ ಇಳಿದಂತೆ ಇಳಿಯಬೇಕು, ತಲೆ ಬಗ್ಗಿಸಬೇಕು. ಬೂದಿಯ ನೆಲ ನೋಡಲು ಒಣಗಿದಂತೆ ಕಾಣುತ್ತದೆ, ಹಿಮ್ಮಡಿ ಊರಿದರೆ ನೀರು ಕಾರುತ್ತದೆ. ಅಂಗಳಕ್ಕೆ ಬೇಡವಾದ ಬೂದಿ ಹೊಂಡದ ದಂಡೆಗೆ ಬಿತ್ತು. ದಂಡೆ ವರ್ಷ ವರ್ಷ ಒಳಗೆ ಸರಿಯಿತು. ಸರಿದ ಜಾಗದಲ್ಲಿ ದನ ಕಟ್ಟಿದರು, ಬಣವೆ ಒಟ್ಟಿದರು, ಕಟ್ಟಿಗೆ ಪೇರಿಸಿದರು. ಬಾಯಿಯ ಮೇಲೆ ಸರಿಯಾಗಿ ಒಂದು ಮನೆಯೂ ಎದ್ದಿತು.

ಆ ಮನೆ ನನ್ನ ಸಾಲಿನಾಕೆಯದು.

ನಾಟಿಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ, ಹಿಂದಕ್ಕೆ ಸರಿಯುತ್ತ ಸಸಿ ಊರುತ್ತಾರೆ. ಪಕ್ಕದವಳ ಕೈ ನಮ್ಮ ಕೈಯಷ್ಟೇ ಚುರುಕಾಗಿರಬೇಕು. ಅಂಥವಳು ಸಿಕ್ಕರೆ ಯಾರೂ ಬಿಡುವುದಿಲ್ಲ. ಈಕೆ ಚೀಕಲಪರ್ವಿಯಿಂದ ಸೊಸೆಯಾಗಿ ಬಂದವಳು, ಬಂದ ವರ್ಷದಿಂದ ನನ್ನ ಎಡಕ್ಕೆ ನಿಂತವಳು. ಗಂಡ ಸತ್ತ ಮೇಲೆ ಮೈದುನರು ಮನೆ ಬಿಡಿಸಿದರು. ಎಲ್ಲೂ ಜಾಗ ಸಿಗದೆ ಹೊಂಡದ ಬಾಯಿಗೆ ಬೂದಿ ಹಾಕಿಸಿ, ಹಳ್ಳದ ಕಲ್ಲು ಹೊತ್ತು, ಹಳೆ ತಗಡು ಹೊದಿಸಿ ಎರಡು ಖೋಲಿ ಕಟ್ಟಿಕೊಂಡಳು. ಕಲ್ಲು ಹೊರುವಾಗ ನಾನೂ ಇದ್ದೆ. ಆಮೇಲೆ ಮಗಳು ಗಂಡನನ್ನು ಬಿಟ್ಟು ಬಂದು ಅವಳ ಜೊತೆ ಸೇರಿದಳು, ಗಿರಣಿಯ ಕಣ ಗುಡಿಸುವ ಕೆಲಸ ಹಿಡಿದಳು. ನಾನು ಚುನಾವಣೆಗೆ ನಿಂತಾಗ ನನ್ನ ಪರವಾಗಿ ಮನೆಮನೆ ತಿರುಗಿದ್ದು ಈ ಸಾಲಿನಾಕೆಯೇ.

ಮೊದಲ ಸಭೆಯಲ್ಲಿ ನಾನು ಎದ್ದು ನಿಂತು ಒಂದೇ ಮಾತು ಹೇಳಿದೆ: ಬೂದಿಯಡಿ ಹೂತುಹೋದ ಓಣಿಯ ಹಳೆಯ ಚರಂಡಿ ತೆಗೆಸಿರಿ, ನೀರು ತಾನೇ ಹೋಗುತ್ತದೆ. ಎಲ್ಲರೂ ಹೂಂ ಅಂದರು. ಪಂಚಾಯಿತಿಯ ಅಧಿಕಾರಿ, ಪಿಡಿಒ ಅನ್ನುತ್ತಾರಲ್ಲ, ಆಕೆ ದೇವದುರ್ಗದ ಕಡೆಯ ಹುಡುಗಿ, ಹೊಸದಾಗಿ ಬಂದಿದ್ದಳು. ಜಾಗ ನೋಡಬೇಕು ಅಂದಳು. ಚಪ್ಪಲಿ ಕೈಯಲ್ಲಿ ಹಿಡಿದು, ಪೈಜಾಮ ಮೊಣಕಾಲಿಗೆ ಏರಿಸಿ ಓಣಿಯಲ್ಲಿ ನಡೆದಳು. ಬಾಗಿಲಲ್ಲಿ ನಿಂತ ಒಬ್ಬ ಮುದುಕಿ ಕೇಳಿದಳು:

“ಯವ್ವಾ, ನಾಟಿಗೆ ಬಂದೀರೇನು? ಸಸಿ ತಂದು ಕೊಡ್ಲಾ?”

“ಸಾಲು ಹಿಡಿರಿ, ಬರ್ತೀನಿ,” ಅಂದಳು ಪಿಡಿಒ. ನಕ್ಕಳು. ಆದರೆ ವಾಪಸ್ ಬರುವಾಗ ಸೆರಗಿನಿಂದ, ಅದೇ ಆ ದುಪಟ್ಟಾದಿಂದ, ಮೂಗು ಮುಚ್ಚಿಕೊಂಡಿದ್ದಳು. ತಪ್ಪಲ್ಲ. ನಮಗೂ ನಾರುತ್ತದೆ, ನಾವು ಮುಚ್ಚಿಕೊಳ್ಳುವುದಿಲ್ಲ ಅಷ್ಟೆ.

ಉದ್ಯೋಗ ಖಾತ್ರಿಯಲ್ಲಿ ಕೆಲಸ ಹಾಕಿದರು. ಬೇಸಿಗೆ, ಕಾಲುವೆ ಬಂದ್ ಇದ್ದ ಕಾಲ. ಗುದ್ದಲಿ ಹಿಡಿದು ನಿಂತರೆ ಚರಂಡಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಆ ಮನೆಯವರು ಈ ಮನೆಯ ಮುಂದೆ ಅನ್ನುತ್ತಾರೆ, ಈ ಮನೆಯವರು ಆ ಮನೆಯ ಮುಂದೆ ಅನ್ನುತ್ತಾರೆ. ತಮ್ಮ ಅಂಗಳ ಅಗೆಯುವುದು ಯಾರಿಗೂ ಬೇಕಿರಲಿಲ್ಲ. ಕಡೆಗೆ ನನ್ನ ಅಂಗಳದಿಂದಲೇ ಶುರು ಮಾಡಿಸಿದೆ. ಎದೆಮಟ್ಟ ಅಗೆದ ಮೇಲೆ ಚರಂಡಿಯ ಚಪ್ಪಡಿ ಸಿಕ್ಕಿತು. ಅಲ್ಲಿಂದ ಗುರುತು ಹಿಡಿದು ಓಣಿಯುದ್ದ ಹೋದೆವು. ಒಂದು ಕಡೆ ಹೊಸದಾಗಿ ಹಾಕಿಸಿದ ಬೂದಿ ಒಳಗೊಳಗೇ ಕೆಂಡವಾಗಿತ್ತು. ಕಾಲಿಟ್ಟವಳೊಬ್ಬಳ ಅಂಗಾಲು ಸುಟ್ಟು ಅವಳು ಆ ವರ್ಷ ಗದ್ದೆಗೆ ಇಳಿಯಲಿಲ್ಲ. ಮಳೆಗಾಲದ ಹೊತ್ತಿಗೆ ಚರಂಡಿ ಹೊಂಡದ ತನಕ ಖುಲ್ಲಾ ಆಯಿತು. ನನಗೆ ನೆಮ್ಮದಿ.

ಕಾಲುವೆಗೆ ನೀರು ಬಿಟ್ಟರು. ಹೊಂಡ ತುಂಬಿತು. ತುಂಬಿದ ಹೊಂಡದ ನೀರು ನಾವು ತೆಗೆದ ಚರಂಡಿಯನ್ನೇ ಹಾದಿ ಮಾಡಿಕೊಂಡು ಓಣಿಗೆ ನುಗ್ಗಿತು. ಮುಂಚೆ ಹಿಮ್ಮಡಿ ಮುಳುಗುತ್ತಿತ್ತು, ಈಗ ಮೊಣಕಾಲು. ಜೇಕಿನ ಬೇರು, ಸತ್ತ ಇಲಿ, ಪ್ಲಾಸ್ಟಿಕ್ ಚೀಲ ಎಲ್ಲ ಅಡುಗೆ ಮನೆಗೆ ಬಂದವು. ಬೈಗುಳ ಎಷ್ಟು ಬಿದ್ದವು ಅಂತ ಬರೆಯುವುದಿಲ್ಲ. ನನ್ನ ನಾದಿನಿಯೇ ಬಾಗಿಲ ಮುಂದೆ ನಿಂತು, ಓಟು ಹಾಕಿ ನೀರು ತರಿಸಿಕೊಂಡ್ವಿ ಅಂತ ಓಣಿಗೆಲ್ಲ ಕೇಳುವಂತೆ ಹೇಳಿದಳು. ನನ್ನ ಸಾಲಿನಾಕೆ ಮಾತ್ರ ನನ್ನ ಕಡೆ ಮಾತಾಡಿದಳು. ಅವಳ ಮನೆ ಬೂದಿಯ ದಿಬ್ಬದ ಮೇಲಿತ್ತು, ಅಲ್ಲಿಗೆ ನೀರು ಏರುತ್ತಿರಲಿಲ್ಲ.

ಪಿಡಿಒ ಮೇಲಿನ ಕಚೇರಿಗೆ ಬರೆದು ಹಾಕಿದ ಮೇಲೆ ಒಬ್ಬ ಇಂಜಿನಿಯರ್ ಮೋಟರ್‌ಸೈಕಲ್ಲಿನಲ್ಲಿ ಬಂದ. ಮೂರು ಕಾಲಿನ ಯಂತ್ರ ನಿಲ್ಲಿಸಿದ, ಒಬ್ಬನ ಕೈಯಲ್ಲಿ ಗೆರೆ ಹಾಕಿದ ಕೋಲು ಕೊಟ್ಟು ಓಣಿಯ ತಲೆಯಿಂದ ಹೊಂಡದ ಆಚೆ ದಂಡೆಯ ತನಕ ನಿಲ್ಲಿಸುತ್ತ ಹೋದ. ಮಾತು ಕಡಿಮೆ. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದ.

“ಅಜ್ಜಿ, ಚರಂಡಿದು ಏನೂ ತಪ್ಪಿಲ್ಲ. ಹೊಂಡನ ನಿಮ್ಮ ಓಣಿಕಿಂತ ಮ್ಯಾಲ ಕುಂತದ.”

ನಾನು ನಂಬಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ, ಹೊಂಡ ತಗ್ಗು, ಓಣಿ ಎತ್ತರ. ಬಾಯಿ ಮಾಡಿದೆ. ಅವನು ಸಿಟ್ಟಾಗಲಿಲ್ಲ. ಮನೆ ಕಟ್ಟುವ ಗೌಂಡಿಯ ಹತ್ತಿರ ಇದ್ದ, ಒಳಗಿನ ನೀರು ಕಾಣುವ ಬಿಳಿ ಪೈಪು ತರಿಸಿ ಅದರಲ್ಲಿ ನೀರು ತುಂಬಿದ, ಒಂದು ತುದಿ ಹೊಂಡದ ನೀರಿನ ಮಟ್ಟಕ್ಕೆ ಹಿಡಿಸಿದ, ಇನ್ನೊಂದು ತುದಿಯನ್ನು ನನ್ನ ಮನೆಯ ಹೊಸ್ತಿಲಿಗೆ ತಂದು ನನ್ನ ಕೈಗೇ ಕೊಟ್ಟ. ಪೈಪಿನೊಳಗಿನ ನೀರು ನನ್ನ ಹೊಸ್ತಿಲಿಗಿಂತ ಒಂದು ಗೇಣು ಮೇಲೆ ನಿಂತಿತು. ಬೂದಿ ಹಾಕಿದ ಅಂಗಳ ನೋಡಿ ನೋಡಿ ಓಣಿ ಎತ್ತರ ಅಂತ ತಿಳಿದಿದ್ದೆವು. ಮನೆಗಳು ಇದ್ದದ್ದು ಕೆಳಗೆ. ಹೊಂಡವನ್ನು ಸುತ್ತಲಿಂದ ಒತ್ತಿ, ಅದರ ಬಾಯಿಯನ್ನೂ ಮುಚ್ಚಿದ್ದರಿಂದ ಅದರ ನೀರು ಮೇಲೆ ಬಂದಿತ್ತು. ಹೊಂಡ ಇಳಿಯದೆ ಓಣಿ ಇಳಿಯುವುದಿಲ್ಲ ಅಂತ ಅವನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು.

ಬಾಯಿ ತೆಗೆಯಬೇಕು ಅಂತ ಅವನು ಅಂದೇ ಹೇಳಿದ. ಬಾಯಿಯ ಮೇಲೆ ಏನಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಬೇರೆ ಹಾದಿ ನೋಡೋಣ ಅಂದರು ಪಂಚಾಯಿತಿ ಅಧ್ಯಕ್ಷರು. ನನಗೂ ಅದೇ ಬೇಕಾಗಿತ್ತು.

ಮೊದಲು ಮೋಟರ್ ಇಟ್ಟೆವು. ಹೊಂಡದ ದಂಡೆಯಲ್ಲಿ ಒಂದು ಗುಂಡಿ ತೋಡಿ, ಅಲ್ಲಿಂದ ನೀರು ಎತ್ತಿ ಬೂದಿಯ ದಿಬ್ಬದ ಮೇಲಿಂದ ಹಳ್ಳಕ್ಕೆ ಬಿಡುವುದು. ಕರೆಂಟ್ ಇದ್ದಾಗ ಓಡಿತು. ಓಡಿದಾಗ ಓಣಿಯ ನೀರು ಒಂದು ಬೆರಳು ಇಳಿದದ್ದೂ ನಿಜ. ಕರೆಂಟ್ ಹೋದರೆ ಮತ್ತೆ ಏರುತ್ತಿತ್ತು. ಮೋಟರ್ ಎರಡು ಸಲ ಸುಟ್ಟಿತು. ಎರಡು ಸಲವೂ ನಾನೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಮಾನ್ವಿಯಲ್ಲಿ ತಂತಿ ಸುತ್ತಿಸಿಕೊಂಡು ಬಂದೆ. ಮೂರನೆಯ ಸಲ ಹೋದಾಗ ಮಿಸ್ತ್ರಿ ಅದನ್ನು ಬಿಚ್ಚಿ, ಒಳಗಿನ ಕರಿ ಗಸಿಯನ್ನು ಬೆರಳಿನಿಂದ ತೆಗೆದು ತೋರಿಸಿದ.

“ಅವ್ವಾ, ಇದು ನೀರಲ್ಲ, ಬೂದಿ ಅಂಬ್ಲಿ. ಇದನ್ನ ಕುಡಿದು ಯಾವ ಮೋಟ್ರೂ ಬದುಕಂಗಿಲ್ಲ. ನೀವು ಬರೋದು ಹೋಗೋದು ಸುಮ್ಮನ ತ್ರಾಸ.”

ಮೋಟರ್ ಈಗಲೂ ಪಂಚಾಯಿತಿಯ ಹಿಂದಿನ ಖೋಲಿಯಲ್ಲಿ ಬಿದ್ದಿದೆ.

ಆಮೇಲೆ ಪೈಪು. ಸಾಲಿನಾಕೆಯ ಮನೆಯ ಹಿಂದಿನಿಂದ ತಗ್ಗು ತೋಡಿ ಸಿಮೆಂಟ್ ಪೈಪು ಹೂಳಿದರೆ ಮನೆ ಮುಟ್ಟದೆ ಹಾದಿ ಆಗುತ್ತದೆ ಅಂತ ನಾನು ಕೇಳಿದೆ. ಬೂದಿ ನಿಲ್ಲುವುದಿಲ್ಲ ಅಂದ ಇಂಜಿನಿಯರ್. ನೋಡೋಣ ಅಂದೆ. ಅವನು ಹಲಗೆ ಕೊಟ್ಟು ಎರಡು ಕಡೆ ಊರಿಸಿ ನೋಡಿದ. ಸಾಲಿನಾಕೆ ಅಗೆಯುವವರಿಗೆಲ್ಲ ಚಹಾ ಮಾಡಿ ಕೊಟ್ಟಳು. ಅವಳಿಗೂ ಈ ಹಾದಿ ಆಗಲಿ ಅಂತ ಇತ್ತು. ಸೊಂಟದಾಳ ಹೋಗುವಷ್ಟರಲ್ಲಿ ಕೆಳಗಿಂದ ನೀರು ಜಿನುಗಿತು. ಹಸಿ ಬೂದಿ ಗಂಜಿಯಂತೆ ಹರಿಯಲು ಶುರುವಾಯಿತು. ಒಂದು ಬುಟ್ಟಿ ತೆಗೆದರೆ ಎರಡು ಬುಟ್ಟಿ ಒಳಗೆ ಬರುತ್ತಿತ್ತು. ಹಲಗೆಗಳು ಓರೆಯಾದವು. ಮಧ್ಯಾಹ್ನದ ಹೊತ್ತಿಗೆ ಅವಳ ಮನೆಯ ಹಿಂದಿನ ಗೋಡೆಯಲ್ಲಿ ಬಿರುಕು ಬಿಟ್ಟಿತು, ಕೈ ತೂರುವಷ್ಟು. ಇಂಜಿನಿಯರ್ ಕೂಗಿ ಎಲ್ಲರನ್ನೂ ಮೇಲೆ ಹತ್ತಿಸಿ ತಗ್ಗು ಮುಚ್ಚಿಸಿದ. ಸಾಲಿನಾಕೆ ಬಿರುಕನ್ನು ನೋಡಿದಳು, ನನ್ನನ್ನು ನೋಡಿದಳು. ಹಸಿ ಮಣ್ಣು ಕಲಸಿ ತುಂಬುತ್ತ ಕುಳಿತಳು.

ಅಷ್ಟು ದಿನದಲ್ಲಿ ಎರಡನೆಯ ಬೆಳೆಗೂ ಕಾಲುವೆ ಬಿಟ್ಟಿದ್ದರು. ಓಣಿಯ ನಡುವೆ ಚಾಪೆ ಹೆಣೆಯುವ ಮುದುಕನ ಮನೆ ಇತ್ತು. ಮಣ್ಣಿನ ಗೋಡೆ. ವರ್ಷಗಟ್ಟಲೆ ಬುಡದಲ್ಲಿ ನೀರು ಕುಡಿದು ಮೆತ್ತಗಾಗಿತ್ತು. ಒಂದು ಬೆಳಗ್ಗೆ ಅವನು ಗೋಡೆಗೆ ಬೆನ್ನು ಕೊಟ್ಟು ಜೇಕು ಸೀಳುತ್ತ ಕುಳಿತಿದ್ದ. ಗೋಡೆ ಹೊರಕ್ಕೆ ಬೀಳುವ ಬದಲು ಒಳಕ್ಕೆ ಕುಸಿಯಿತು. ನಾವು ಓಡಿ ಹೋಗಿ ಕೈಯಿಂದಲೇ ಮಣ್ಣು ತೆಗೆದೆವು. ಉಸಿರು ಇತ್ತು. ಆಟೋದಲ್ಲಿ ಹಾಕಿಕೊಂಡು ರಾಯಚೂರಿಗೆ ಹೊರಟೆವು, ತಲೆ ನನ್ನ ತೊಡೆಯ ಮೇಲಿತ್ತು. ರಾಯಚೂರು ಇನ್ನೂ ದೂರ ಇರುವಾಗಲೇ ಜೀವ ಹೋಯಿತು. ಆಟೋದವನಿಗೆ ಹೇಳಲಿಲ್ಲ, ಹೇಳಿದರೆ ಅಲ್ಲೇ ತಿರುಗಿಸುತ್ತಾನೆ, ಡಾಕ್ಟರ್ ಬಾಯಿಂದ ಕೇಳದೆ ಮುದುಕನ ಮಗ ಒಪ್ಪುವುದಿಲ್ಲ ಅಂತ ಸುಮ್ಮನೆ ಕುಳಿತೆ.

ಮಣ್ಣು ಕೊಟ್ಟು ಬಂದ ಮೇಲೆ ಓಣಿಯವರು ಬೈಯುವುದನ್ನೂ ಬಿಟ್ಟರು. ನನ್ನನ್ನು ಕಂಡರೆ ಒಳಗೆ ಹೋಗುತ್ತಿದ್ದರು. ಬೈಗುಳಕ್ಕಿಂತ ಅದು ಕಷ್ಟ ಆಯಿತು. ಒಬ್ಬೊಬ್ಬರ ಗೋಡೆ ನೋಡಿಕೊಂಡು ನಡೆಯುವುದು ನನಗೆ ಚಾಳಿಯಾಯಿತು. ಇದು ಯಾವಾಗ, ಅದು ಯಾವಾಗ.

ಪಂಚಾಯಿತಿ ಸಭೆ ಕೂಡಿತು. ಇಂಜಿನಿಯರ್ ಕಾಗದದ ಮೇಲೆ ಬರೆದು ತಂದಿದ್ದ, ನಮಗಾಗಿ ಬಾಯಲ್ಲಿ ಹೇಳಿದ. ಬಾಯಿಯ ಬೂದಿಯನ್ನೆಲ್ಲ ಹಳೆಯ ನೆಲ ಸಿಗುವ ತನಕ ತೆಗೆಯಬೇಕು. ಅಲ್ಲಿ ಕಲ್ಲಿನ ಒಂದು ತಡೆ ಕಟ್ಟಬೇಕು, ಎತ್ತರ ಲೆಕ್ಕ ಮಾಡಿ. ಅದಕ್ಕಿಂತ ಹೆಚ್ಚಾದ ನೀರು ಮಾತ್ರ ಹಳ್ಳಕ್ಕೆ ಬೀಳಬೇಕು, ಹೊಂಡ ಬತ್ತಬಾರದು, ಜೇಕು ಉಳಿಯಬೇಕು. ಹೊಂಡ ಸರಕಾರದ ದಾಖಲೆಯಲ್ಲಿ ಕೆರೆ ಅಂತ ಇದೆ, ಅದನ್ನು ಮುಚ್ಚುವ ಹಾಗೂ ಇಲ್ಲ, ಬತ್ತಿಸುವ ಹಾಗೂ ಇಲ್ಲ ಅಂತ ಪಿಡಿಒ ಹೇಳಿದಳು. ಓಣಿಯ ಚರಂಡಿ ಹೊಂಡ ಸೇರುವ ಮುಂಚೆ ಅಗಲವಾದ ಒಂದು ಗುಂಡಿ ಇರಬೇಕು, ಬೂದಿ ಹೊಲಸು ಅಲ್ಲೇ ತಳಕ್ಕೆ ಕೂರಬೇಕು. ಮನೆಯನ್ನು ಬಿಟ್ಟು ನೀರಿನ ಹಾದಿಯನ್ನು ಪಕ್ಕಕ್ಕೆ ತಿರುಗಿಸಲು ಬರುವುದಿಲ್ಲವೇನು ಅಂತ ನಾನು ಮತ್ತೆ ಕೇಳಿದೆ. ಒಂದು ಕಡೆ ಡಾಂಬರ್ ರಸ್ತೆಯ ಏರಿ, ಇನ್ನೊಂದು ಕಡೆ ಬಂಡೆ. ನಡುವೆ ಇರುವುದೇ ಆ ಜಾಗ ಅಂದ.

ಸದಸ್ಯರು ಮುಂದಕ್ಕೆ ಹಾಕೋಣ ಅಂದರು. ಒಬ್ಬನ ದನದ ಕೊಟ್ಟಿಗೆ ಅಲ್ಲಿತ್ತು, ಇನ್ನೊಬ್ಬನ ಬಣವೆ ಇತ್ತು. ಅಧ್ಯಕ್ಷರು ಎಲ್ಲರ ಮಾತು ಮುಗಿಯುವ ತನಕ ಕಾದು ನನ್ನ ಕಡೆ ತಿರುಗಿದರು.

“ನಿಮ್ಮ ಓಣಿ, ನಿಮ್ಮ ಮಂದಿ. ನೀವು ಬ್ಯಾಡಂದ್ರ ನಾವೂ ಬ್ಯಾಡಂತೀವಿ.”

ಜಾಣರು. ಪಾಪ ನನ್ನ ತಲೆಗೆ ಕಟ್ಟಿದರು ಅಂತ ಅನ್ನಿಸಿತು. ಆದರೆ ಮಾತು ಸರಿಯಾಗಿಯೇ ಇತ್ತು, ಬೇರೆ ಯಾರು ಹೇಳಬೇಕು? ಸಾಲಿನಾಕೆ ಎಲ್ಲಿ ಇರಬೇಕು ಅಂತ ಪಿಡಿಒಳನ್ನು ಕೇಳಿದೆ. ಊರ ಮೇಲ್ಗಡೆ ಸರಕಾರಿ ಜಾಗದಲ್ಲಿ ಸೈಟಿಗೆ ಬರೆಯೋಣ, ಮಂಜೂರಾಗುವ ತನಕ ಸಮುದಾಯ ಭವನದ ಒಂದು ಖೋಲಿ ಕೊಡೋಣ ಅಂದಳು. ಎಷ್ಟು ದಿನ ಅಂದೆ.

“ಅದು ನನ್ನ ಕೈಯಾಗಿಲ್ರೀ,” ಅಂದಳು.

ಬೇರೆಯವರಾದರೆ ಒಂದು ತಿಂಗಳು ಅನ್ನುತ್ತಿದ್ದರು. ನಾನು ಕೈ ಎತ್ತಿದೆ. ನನ್ನದು ನೋಡಿ ಉಳಿದವರೂ ಎತ್ತಿದರು.

ನೋಟಿಸ್ ಹಚ್ಚಲು ಜವಾನ ಹೋಗುವ ಮುಂಚೆ ನಾನೇ ಹೇಳಬೇಕು ಅಂತ ನೇರ ಅಲ್ಲಿಂದ ಹೋದೆ. ಸಾಲಿನಾಕೆ ಹೊಸ್ತಿಲಲ್ಲಿ ಕುಳಿತು ನುಚ್ಚು ಕೇರುತ್ತಿದ್ದಳು.

“ನಿನ್ನ ಮನಿ ತೆಗೀಬೇಕಾಗ್ಯಾದ,” ಅಂದೆ.

“ಯಾರಂದ್ರು?”

“ನಾನ ಅಂದೀನಿ. ಸಭಾದಾಗ ಕೈ ಎತ್ತೀನಿ.”

ಅವಳು ಮೊರ ಕೆಳಗೆ ಇಡಲಿಲ್ಲ. ಕೇರುತ್ತಲೇ ಇದ್ದಳು. “ಅಧ್ಯಕ್ಷ ಅಂದಿದ್ರ ಅವನ ಬಾಗಿಲಿಗೆ ಹೋಗಿ ಕುಂದರ್ತಿದ್ದೆ. ನೀ ಅಂದಿದ್ದಕ್ಕ ಎಲ್ಲಿ ಹೋಗಿ ಕುಂದರ್ಲಬೇ?”

ಚಾಪೆಯ ಮುದುಕ ಸತ್ತದ್ದನ್ನು ಹೇಳಿದೆ, ಉಳಿದ ಗೋಡೆಗಳನ್ನು ಹೇಳಿದೆ. ಅವಳಿಗೆ ಅದೆಲ್ಲ ಗೊತ್ತಿತ್ತು.

“ಅವನ ಮ್ಯಾಲ ಗೋಡಿ ಬಿತ್ತು. ನನ್ನ ಮ್ಯಾಲ ನೀ ಬೀಳಾಕತ್ತಿ,” ಅಂದಳು. ನುಚ್ಚಿನ ಕಲ್ಲು ಆರಿಸಿ ಎಸೆದು, “ಸೈಟ್ ಕೊಡಿಸ್ತೀಯೇನು?”

“ಕೇಳ್ತೀನಿ. ಕೊಡಿಸ್ತೀನಂತ ಹೇಳಂಗಿಲ್ಲ.”

“ಸುಳ್ಳರ ಹೇಳಬಾರದೇನು, ಇವತ್ತೊಂದಿನ?”

“ಹೇಳಿದ್ರ ನಾಳೆ ಬೈತಿ.”

“ಇವತ್ತೂ ಬೈತೀನಿ,” ಅಂದಳು. ಬೈದಳು. ಸತ್ತ ನನ್ನ ಗಂಡನನ್ನೂ ಬಿಡಲಿಲ್ಲ. ಮುಗಿಯುವ ತನಕ ನಿಂತು ಕೇಳಿದೆ. ಆಮೇಲೆ ಅವಳು ಮೊರ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿ ಅಗುಳಿ ಹಾಕಿದಳು.

ಜೆಸಿಬಿ ಬಂದ ದಿನ ಅವಳು ಡ್ರೈವರನ ಮುಂದೆ ಹೋಗಿ ನಿಂತಳು. ಜಗಳ ಆಗುತ್ತದೆ ಅಂತ ಪಿಡಿಒ ನನ್ನ ಕೈ ಹಿಡಿದುಕೊಂಡಳು. ಜಗಳ ಆಗಲಿಲ್ಲ. ಯಂತ್ರ ಮನೆ ಮುಟ್ಟಬಾರದು, ನನ್ನ ಮನೆ ನಾನೇ ಬಿಚ್ಚುತ್ತೇನೆ ಅಂತ ಅವಳು ಹೇಳಿದಳಂತೆ. ಡ್ರೈವರ್ ಇಂಜಿನ್ ಬಂದ್ ಮಾಡಿ ನೆರಳಿಗೆ ಹೋಗಿ ಕುಳಿತ. ತಾಯಿ ಮಗಳು ಸೇರಿ ಮೊದಲು ತಗಡು ಇಳಿಸಿದರು, ಆಮೇಲೆ ತೊಲೆ, ಆಮೇಲೆ ಬಾಗಿಲ ಚೌಕಟ್ಟು, ಕಡೆಗೆ ಕಲ್ಲು ಒಂದೊಂದಾಗಿ. ಓಣಿಯ ಹೆಂಗಸರು ಬಂದು ಕೈಹಚ್ಚಿದರು. ನಾನು ಒಂದು ಕಲ್ಲಿಗೆ ಕೈ ಹಾಕಿದೆ. ಅವಳು ಬಂದು ಆ ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಹೊತ್ತಳು. ಆಮೇಲೆ ನಾನು ರಸ್ತೆಯ ಏರಿಯ ಮೇಲೆ ನಿಂತು ನೋಡಿದೆ.

ಮರುದಿನದಿಂದ ಜೆಸಿಬಿ ಬೂದಿ ತೆಗೆಯಿತು. ಲಾರಿಗಳಲ್ಲಿ ತುಂಬಿ ಇಟ್ಟಿಗೆ ಭಟ್ಟಿಗಳಿಗೆ ಕಳಿಸಿದರು. ಕರಿ ರಾಡಿ, ಕೆಟ್ಟ ವಾಸನೆ. ಹಳೆಯ ನೆಲ ಸಿಕ್ಕಾಗ ಇಂಜಿನಿಯರ್ ತಾನೇ ಇಳಿದು ಕೋಲಿಟ್ಟು ನೋಡಿ ಕಲ್ಲಿನ ತಡೆ ಕಟ್ಟಿಸಿದ. ಬಹಳ ತಗ್ಗಾಯಿತು, ಜೇಕು ಒಣಗುತ್ತದೆ ಅಂತ ಕೊಯ್ಯುವವರು ತಕರಾರು ಮಾಡಿದ ಮೇಲೆ ಅಳೆದು ಇನ್ನೊಂದು ವರಸೆ ಕಲ್ಲು ಏರಿಸಿದ. ಕಡೆಯ ಬೂದಿಯ ಗೋಡೆ ತೆಗೆದಾಗ ನೀರು ಭೋರ್ಗರೆದು ಹೋಗುತ್ತದೆ ಅಂತ ಮಂದಿ ಕಾದು ನಿಂತಿದ್ದರು. ಹಾಗೇನೂ ಆಗಲಿಲ್ಲ. ಮೊದಲು ಮೇಲಿನ ಕೆನೆ ಸರಿಯಿತು, ಆಮೇಲೆ ತೇಲುವ ಎಲೆಗಳು ಒಂದೇ ಕಡೆ ಮುಖ ಮಾಡಿದವು. ಬೇಸರವಾಗಿ ಎಲ್ಲರೂ ಮನೆಗೆ ಹೋದರು. ಹೊಂಡ ಇಳಿಯಲು ಬಹಳ ದಿನ ಹಿಡಿಯಿತು. ಓಣಿ ಒಣಗಲು ಇನ್ನೂ ಬಹಳ ದಿನ. ಒಣಗುವಾಗ ಗೋಡೆಗಳಲ್ಲಿ ಬಿಳಿ ಉಪ್ಪು ಎದ್ದಿತು, ಎರಡು ಗೋಡೆ ಬಿರಿದು ಬಿದ್ದವು, ಯಾರಿಗೂ ಪೆಟ್ಟಾಗಲಿಲ್ಲ.

ಮತ್ತೆ ಕಾಲುವೆಗೆ ನೀರು ಬಿಟ್ಟಾಗ ನಾನು ದಿನಾ ಎದ್ದು ಅಂಗಳದಲ್ಲಿ ಹಿಮ್ಮಡಿ ಊರಿ ನೋಡುತ್ತಿದ್ದೆ. ತೇವ ಇತ್ತು, ನೀರು ಏಳಲಿಲ್ಲ. ಪಾಯಖಾನೆ ನಡೆಯಿತು. ಓಣಿಯವರು ಹಾರ ತಂದರು. ಬೇಡ ಅಂದೆ, ಬಿಂಕ ಅಂದುಕೊಂಡರು. ಬೂದಿ ಹಾಕಿಸಬಾರದು ಅಂತ ಪಂಚಾಯಿತಿಯಲ್ಲಿ ಠರಾವು ಮಾಡಿದೆವು. ಆದರೂ ಹಾಕಿಸುವವರು ಇದ್ದಾರೆ. ಟ್ರ್ಯಾಕ್ಟರ್ ಸದ್ದು ಕೇಳಿದರೆ ನಾನು ಎದ್ದು ಹೋಗಿ ಅಡ್ಡ ನಿಲ್ಲುತ್ತೇನೆ.

ಸೈಟು ಆಗಿಲ್ಲ. ಬರೆದದ್ದು ಮೇಲಿನ ಕಚೇರಿಗೆ ಹೋಯಿತು, ಆ ಜಾಗ ಗೋಮಾಳ ಅಂತ ವಾಪಸ್ ಬಂತು. ಬೇರೆ ಜಾಗ ತೋರಿಸಿದೆವು, ಅದಕ್ಕೆ ಇನ್ನೊಂದು ಆಕ್ಷೇಪ. ಪಿಡಿಒಗೆ ವರ್ಗವಾಯಿತು, ಹೊಸಬರಿಗೆ ಮೊದಲಿನಿಂದ ಹೇಳಬೇಕಾಯಿತು. ಪ್ರತಿ ಸಭೆಯಲ್ಲೂ ಎದ್ದು ಕೇಳುತ್ತೇನೆ. ನಾನು ಎದ್ದರೆ ಏನು ಕೇಳುತ್ತೇನೆ ಅಂತ ಈಗ ಎಲ್ಲರಿಗೂ ಗೊತ್ತು, ಕೇಳುವ ಮುಂಚೆಯೇ ಆಗ್ತದ ಆಗ್ತದ ಅನ್ನುತ್ತಾರೆ.

ಸಾಲಿನಾಕೆ ಮತ್ತು ಮಗಳು ಸಮುದಾಯ ಭವನದ ಒಳಗಿನ ಖೋಲಿಯಲ್ಲಿ ಇದ್ದಾರೆ. ಬಿಚ್ಚಿದ ಕಲ್ಲು, ತಗಡು ಭವನದ ಹಿಂದೆ ಒಟ್ಟಿದ್ದಾರೆ. ಅವಳು ನಮ್ಮ ಗುಂಪಿಗೆ ಬರುವುದಿಲ್ಲ, ಬೇರೆ ಗುಂಪಿನೊಡನೆ ನಾಟಿಗೆ ಹೋಗುತ್ತಾಳೆ. ದಾರಿಯಲ್ಲಿ ಎದುರಾದರೆ ನನ್ನ ಹಿಂದೆ ಯಾರೋ ಇದ್ದಾರೆ ಅನ್ನುವಂತೆ ನೋಡುತ್ತಾಳೆ. ಭವನ ಇರುವುದು ಮದುವೆ ಮುಂಜಿಗೆ. ಊರಲ್ಲಿ ಯಾರದೇ ಮದುವೆ ಆದರೂ ಆ ಖೋಲಿ ಹೆಣ್ಣಿನ ಕಡೆಯವರಿಗೆ ಬೇಕು. ಆಗೆಲ್ಲ ಅವಳು ಪಾತ್ರೆ, ಹಾಸಿಗೆ, ಟ್ರಂಕು ಎಲ್ಲ ಹೊರಗೆ ಹಿಂದಿನ ಪಡಸಾಲೆಗೆ ತಂದು ಇಡಬೇಕು. ಮದುವೆ ಮುಗಿದ ಮೇಲೆ ಎಂಜಲು ಬಳಿದು ಒಳಗೆ ಒಯ್ಯಬೇಕು.

ನೀರಿನ ಓಣಿ ಅಂತ ನಮ್ಮ ಓಣಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಈ ವರ್ಷ ಚಾಪೆಯ ಮುದುಕನ ಮೊಮ್ಮಗನಿಗೆ ಹೆಣ್ಣು ಗೊತ್ತಾಯಿತು. ಮದುವೆ ಭವನದಲ್ಲೇ. ಹಿಂದಿನ ದಿನ ಮಧ್ಯಾಹ್ನ ನಾನು ಅಡುಗೆಯ ಪಾತ್ರೆ ಬಂದವೇನು ಅಂತ ನೋಡಲು ಹೋದೆ. ಸಾಲಿನಾಕೆ ಒಬ್ಬಳೇ ಇದ್ದಳು, ಮಗಳು ಕೆಲಸಕ್ಕೆ ಹೋಗಿದ್ದಳು. ಹಾಸಿಗೆ ಸುತ್ತುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ತಲೆ ಎತ್ತದೆ ಕೇಳಿದಳು:

“ಹೆಣ್ಣು ಎಲ್ಲಿದು?”

“ದೇವದುರ್ಗದ ಕಡಿದು.”

“ಓಣಿ ನೋಡಿ ಹೋದ್ರೇನು?”

“ನೋಡಿ ಹೋದ್ರು. ಗ್ವಾಡಿ ಮುಟ್ಟಿ ನೋಡಿದ್ರು. ಒಣಗ್ಯಾವಂತ ಒಪ್ಪಿದ್ರು.”

ಅವಳು ಹಾಸಿಗೆಗೆ ಹಗ್ಗ ಬಿಗಿದಳು. ಗಂಟು ಹಾಕಿ ಮುಗಿಸಿದ ಮೇಲೆ, “ಟ್ರಂಕ್ ಹಿಡಿ. ಒಬ್ಬಾಕಿಗೆ ಆಗಂಗಿಲ್ಲ,” ಅಂದಳು.

ನಾನು ಒಂದು ಕಡೆ ಹಿಡಿದೆ, ಅವಳು ಒಂದು ಕಡೆ ಹಿಡಿದಳು. ಭಾರ ಇತ್ತು. ಹಿಂದಿನ ಪಡಸಾಲೆಗೆ ಒಯ್ದು ಗೋಡೆಗೆ ಸೇರಿಸಿ ಇಟ್ಟೆವು. ಆಚೆ ಶಾಮಿಯಾನದವರು ಕಂಬ ನೆಡುತ್ತಿದ್ದರು. ಅವಳು ಟ್ರಂಕಿನ ಮೇಲೆ ಹಾಸಿಗೆ ಏರಿಸಿ, ಇಬ್ಬನಿ ಬೀಳದಂತೆ ಮೇಲೆ ಒಂದು ತಗಡು ಹೊದಿಸಿ, ತಗಡಿನ ಮೇಲೆ ಕಲ್ಲು ಇಟ್ಟಳು. ಆಮೇಲೆ ಪೊರಕೆ ತೆಗೆದುಕೊಂಡು, ಮದುವಣಗಿತ್ತಿ ಬಂದು ಇಳಿಯುವ ಮುಂಚೆ ಖೋಲಿ ಗುಡಿಸಲು ಒಳಗೆ ಹೋದಳು.